ಸ್ಲೀಮಾನೋ, ಗ್ಜೀರಾನೋ: ಮಾಲ್ಟಾದಲ್ಲಿ ನಾವು ಮನೆ ಹಿಡಿದದ್ದು

ಸ್ಲೀಮಾ ಎಲ್ಲಿ ಮುಗಿಯಿತು, ಗ್ಜೀರಾ ಎಲ್ಲಿ ಶುರುವಾಯಿತು ಅಂತ ಮಾಲ್ಟಾಕ್ಕೆ ಹೊಸದಾಗಿ ಬಂದವರಿಗೆ ಗೊತ್ತೇ ಆಗುವುದಿಲ್ಲ. ನಡುವೆ ಗದ್ದೆಯಿಲ್ಲ, ಹಳ್ಳವಿಲ್ಲ. ಸಮುದ್ರದ ದಂಡೆಯಲ್ಲಿ ಒಂದೇ ರಸ್ತೆ, ಒಂದಕ್ಕೊಂದು ಅಂಟಿಕೊಂಡ ಕಟ್ಟಡಗಳು. ಮೊದಲು ನಾವು ಉಳಿದುಕೊಂಡಿದ್ದ ಕೋಣೆಯಿಂದ ಮೊಸರು ತರಲು ಹೋದರೆ ಊರೇ ಬದಲಾಗುತ್ತಿತ್ತು. ಇಡೀ ದೇಶವೇ 316 ಚದರ ಕಿಲೋಮೀಟರ್, ನಮ್ಮ ತೀರ್ಥಹಳ್ಳಿ ತಾಲ್ಲೂಕಿಗಿಂತ ಎಷ್ಟೋ ಸಣ್ಣದು. ಇದರಲ್ಲಿ ಈ ಊರು, ಆ ಊರು ಅಂತ ಆರಿಸುವುದೇನಿದೆ ಅಂದುಕೊಂಡಿದ್ದೆ. ಆರು ವಾರ ಹಿಡಿಯಿತು.

ನಾನು ನರ್ಸ್. ಮ್ಸೀದಾದಲ್ಲಿರುವ ಮಾತರ್ ದೇಯಿ ಆಸ್ಪತ್ರೆಯಲ್ಲಿ ಕೆಲಸ. ಬೆಳಿಗ್ಗೆ 7ರಿಂದ ಸಂಜೆ 7, ಇಲ್ಲವೇ ಸಂಜೆ 7ರಿಂದ ಬೆಳಿಗ್ಗೆ 7. ನಮ್ಮವರಿಗೆ ರಾಜಧಾನಿ ವಲ್ಲೆಟ್ಟಾದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಸ್ಲೀಮಾದಿಂದ ವಲ್ಲೆಟ್ಟಾಕ್ಕೆ ಫೆರಿ ಇದೆ, ಹತ್ತು ನಿಮಿಷದಲ್ಲಿ ಆಚೆ ದಡ. ಹಾಗಾಗಿ ಅವರು ಮೊದಲ ದಿನದಿಂದಲೂ ಸ್ಲೀಮಾ ಪಕ್ಷ. ನನಗೆ ಎರಡೂ ಒಂದೇ ಆಗಿತ್ತು.

ಹೆಸರುಗಳು ಮಾತ್ರ ನನಗೆ ತುಂಬಾ ಇಷ್ಟವಾದವು. ಮಾಲ್ಟೀಸ್ ಭಾಷೆ ಅರಬ್ಬಿಯಿಂದ ಹುಟ್ಟಿದ್ದು. ಗ್ಜೀರಾ ಅಂದರೆ ದ್ವೀಪ. ಎದುರಿಗೇ ಇರುವ ಮನೋಯೆಲ್ ದ್ವೀಪದಿಂದ ಊರಿಗೆ ಆ ಹೆಸರು. ನಮ್ಮ ಕೊಂಕಣ ಕರಾವಳಿಯ ಜಂಜೀರಾ ಕೋಟೆಯ ಹೆಸರಿನ ಬೇರೂ ಇದೇ ಪದ. ಸ್ಲೀಮಾದ ಹೆಸರನ್ನು ‘ಸ್ಲೀಮ್’ ಎಂಬ ಪದಕ್ಕೆ ಜೋಡಿಸುತ್ತಾರೆ. ಯೇಸುವಿನ ತಾಯಿ ಮರಿಯಮ್ಮನ ಪ್ರಾರ್ಥನೆ ಇಲ್ಲಿ ಆ ಪದದಿಂದಲೇ ಶುರುವಾಗುತ್ತದೆ. ನಮಗೆ ಗೊತ್ತಿರುವ ಸಲಾಮಿನ ಅಣ್ಣತಮ್ಮ ಅದು. ಹೆಸರು ನೋಡಿ ಮನೆ ಹಿಡಿಯುವ ಹಾಗಿದ್ದರೆ ಚೆನ್ನಾಗಿತ್ತು.

ಮೊದಲು ಮನಸ್ಸಿಗೆ ಬಂದದ್ದು ಸ್ಲೀಮಾದ ಮನೆ. ಗುಡ್ಡದ ನೆತ್ತಿಯ ಒಂದು ಬೀದಿ. ಹಳೇ ಸುಣ್ಣಕಲ್ಲಿನ ಕಟ್ಟಡ, ಬಣ್ಣ ಹಚ್ಚಿದ ಮರದ ಮುಚ್ಚು ಬಾಲ್ಕನಿ, ನೆಲಕ್ಕೆ ಹೂವಿನ ಚಿತ್ತಾರದ ಹಂಚು. ಇಂಥ ಬಾಲ್ಕನಿಗೆ ಇಲ್ಲಿ ಗಲ್ಲರಿಯಾ ಅನ್ನುತ್ತಾರೆ. ಎರಡು ಮಲಗುವ ಕೋಣೆ, ತಿಂಗಳಿಗೆ 1,250 ಯೂರೋ. ನಮ್ಮವರು ಆಗಲೇ ಕುರ್ಚಿ ಎಲ್ಲಿಡುವುದು ಅಂತ ನೋಡುತ್ತಿದ್ದರು. ಗ್ಜೀರಾದ್ದು ಹತ್ತು ವರ್ಷ ಹಳೆಯ ಫ್ಲಾಟ್. 1,050 ಯೂರೋ. ನೋಡಲು ಏನೂ ಇಲ್ಲ. ಎದುರಿಗೆ ಇನ್ನೊಂದು ಫ್ಲಾಟಿನ ಗೋಡೆ.

“ಇದರಲ್ಲಿ ಕೇಳೋದೇನಿದೆ ಮಾರಾಯ್ತಿ?” ಅಂದರು.

“ರೀ, ಒಂದು ವಾರ ಕೊಡಿ,” ಅಂದೆ.

ಆ ವಾರ ನಾನು ಮಾಡಿದ್ದು ಸರಳ. ಡ್ಯೂಟಿ ಇದ್ದ ಮೂರು ದಿನ, ಇದ್ದ ಕೋಣೆಯಿಂದ ನೇರ ಆಸ್ಪತ್ರೆಗೆ ಹೋಗಲಿಲ್ಲ. ಮೊದಲು ಆ ಸ್ಲೀಮಾ ಮನೆಯ ಬಾಗಿಲಿಗೆ ಹೋಗಿ, ಅಲ್ಲಿಂದ ಗಡಿಯಾರ ನೋಡಿಕೊಂಡು ಹೊರಟೆ. ನಡೆದರೆ ನಲವತ್ತು ನಿಮಿಷದ ಮೇಲಾಯಿತು. ಬಸ್ ಹಿಡಿಯೋಣ ಅಂದರೆ ಒಂದು ದಿನ ಸರಿಯಾಗಿ ಸಿಕ್ಕಿತು. ಇನ್ನೊಂದು ದಿನ ತುಂಬಿ ಬಂದ ಎರಡು ಬಸ್ಸು ಕೈ ತೋರಿಸಿದರೂ ನಿಲ್ಲದೆ ಹೋದವು. 2022ರ ಅಕ್ಟೋಬರಿನಿಂದ ಟಲ್ಲಿನ್ಯಾ ಅನ್ನುವ ಬಸ್ ಕಾರ್ಡ್ ಇರುವ ನಿವಾಸಿಗಳಿಗೆ ಬಸ್ಸು ಪುಕ್ಕಟೆ. ಪುಕ್ಕಟೆ ಸರಿ, ಆದರೆ ವಾರ್ಡಿನಲ್ಲಿ ರಾತ್ರಿಯಿಡೀ ನಿಂತವಳು ನನ್ನ ದಾರಿ ಕಾಯುತ್ತಿರುತ್ತಾಳಲ್ಲ. ಗ್ಜೀರಾ ಮನೆಯಿಂದ ಹೊರಟ ದಿನ ಏರು ಹತ್ತಿ, ಯೂನಿವರ್ಸಿಟಿ ಪಕ್ಕದಿಂದ ಇಪ್ಪತ್ತೈದು ನಿಮಿಷಕ್ಕೆ ತಲುಪಿದೆ. ಬಸ್ಸಿನ ಹಂಗೇ ಇಲ್ಲ.

ನಮ್ಮವರನ್ನೂ ನಡೆಸಿದೆ. ಇಲ್ಲಿ ಒಂದು ತಮಾಷೆ ಬಯಲಾಯಿತು. ಫೆರಿ ಹೊರಡುವುದು ಸ್ಲೀಮಾದ ಗ್ಜೀರಾ ಕಡೆಯ ದಂಡೆಯಿಂದ. ಗ್ಜೀರಾ ಮನೆಯಿಂದ ಇಳಿಜಾರು, ಆಮೇಲೆ ಸಪಾಟು, ಒಟ್ಟು ಹದಿನೈದು ನಿಮಿಷ. ಸ್ಲೀಮಾದ ಗುಡ್ಡದ ಮನೆಯಿಂದಲೂ ಹೆಚ್ಚುಕಮ್ಮಿ ಅಷ್ಟೇ. ಸಂಜೆ ವಾಪಸ್ ಬರುವಾಗ ಆ ಏರು ಹತ್ತಿ ಅವರು ಸುಮ್ನೆ ಒಂದು ಮೆಟ್ಟಿಲ ಮೇಲೆ ಕುಳಿತರು. ನಾನು ಏನೂ ಹೇಳಲಿಲ್ಲ.

ಏರಿನ ಮಾತು ಬಂದಾಗ ನೀರಿನ ಮಾತೂ ಬರುತ್ತದೆ. ಮಾಲ್ಟಾದಲ್ಲಿ ನದಿ ಅಂತ ಒಂದೂ ಇಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುವುದೇ ಜಾಸ್ತಿ. ಕುಡಿದರೆ ತೊಂದರೆಯಿಲ್ಲ, ಆದರೆ ರುಚಿ ನಾಲಿಗೆಗೆ ಹತ್ತುವುದಿಲ್ಲ. ಹಾಗಾಗಿ ಇಲ್ಲಿ ಬಾಟಲಿ ನೀರು ಹೊರುವವರೇ ಹೆಚ್ಚು. ಆ ಚೆಂದದ ಹಳೇ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಆರು ಬಾಟಲಿಯ ಕಟ್ಟು ಹಿಡಿದು ಒಂದು ಸಲ ಹತ್ತಿ ನೋಡಿದೆ. ಖಾಲಿ ಬಾಟಲಿಯನ್ನೂ ಮತ್ತೆ ಇಳಿಸಬೇಕು. ಒಂದೊಂದಕ್ಕೂ 10 ಸೆಂಟ್ ಠೇವಣಿ ಇರುತ್ತದೆ, ಯಂತ್ರಕ್ಕೆ ಹಾಕಿ ವಾಪಸ್ ಪಡೆಯಬೇಕು.

ಇನ್ನೆರಡು ವಿಷಯ ನನಗೆ ಗೊತ್ತಿರಲಿಲ್ಲ, ವಾರ್ಡಿನ ಮಾಲ್ಟೀಸ್ ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟರು. ಒಂದು, ಶಾಫ್ಟ್. ಇಲ್ಲಿಯ ಕಟ್ಟಡಗಳ ನಡುವೆ ಬಾವಿಯಂಥ ಕಿಂಡಿ ಬಿಟ್ಟಿರುತ್ತಾರೆ. ಕೋಣೆಗೆ ಕಿಟಕಿ ಇದೆ ಅಂತ ಏಜೆಂಟ್ ಹೇಳಿದರೆ ತೆರೆದು ನೋಡಬೇಕು, ಆಕಾಶಕ್ಕೋ ಶಾಫ್ಟಿಗೋ ಅಂತ. ಸ್ಲೀಮಾ ಮನೆಯ ಒಂದು ಮಲಗುವ ಕೋಣೆಯ ಕಿಟಕಿ ಶಾಫ್ಟಿಗಿತ್ತು. ಆ ಕೋಣೆಯ ಒಂದೇ ಒಂದು ಗೋಡೆಗೆ ಹೊಸ ಬಣ್ಣದ ವಾಸನೆ. ನಾವು ನೋಡಿದ್ದು ಜನವರಿಯಲ್ಲಿ. ಇಲ್ಲಿ ಚಳಿಗಾಲದಲ್ಲಿ ಸುಣ್ಣಕಲ್ಲು ತೇವ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೆ ಬರುವ ಬೂಷ್ಟಿನ ವಾಸನೆ ಗೊತ್ತಲ್ವಾ, ಅದೇ. ಬೀರು ಸರಿಸಿದೆ. ಹಿಂದೆ ಗೋಡೆ ಕಪ್ಪಗಿತ್ತು.

ಎರಡನೆಯದು, ಪಕ್ಕದ ಮನೆ. ಸ್ಲೀಮಾದ ಆ ಬೀದಿಯಲ್ಲಿ ಎರಡು ಅಂತಸ್ತಿನ ಹಳೇ ಮನೆಯೊಂದು ಬೀಗ ಹಾಕಿಕೊಂಡು ನಿಂತಿತ್ತು. ಗೋಡೆಗೆ ಒಂದು ನೋಟಿಸು ಅಂಟಿಸಿದ್ದರು. ಯೋಜನಾ ಪ್ರಾಧಿಕಾರದ ಅರ್ಜಿ ಸಂಖ್ಯೆ ಅದರಲ್ಲಿರುತ್ತದೆ. ಆ ಸಂಖ್ಯೆಯನ್ನು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಾಕಿದರೆ ಅಲ್ಲಿ ಏನು ಬರುತ್ತದೆ ಅಂತ ಯಾರು ಬೇಕಾದರೂ ನೋಡಬಹುದು. ನೋಡಿದೆ. ಮನೆ ಕೆಡವಿ, ನೆಲ ಅಗೆದು ಗ್ಯಾರೇಜು, ಮೇಲೆ ಫ್ಲಾಟುಗಳು. ನೈಟ್ ಡ್ಯೂಟಿ ಮುಗಿಸಿ ಬಂದು ಬಂಡೆ ಒಡೆಯುವ ಸದ್ದಿನಲ್ಲಿ ಮಲಗಬೇಕಾಗಿತ್ತು. ಗ್ಜೀರಾದ ಬೀದಿಯಲ್ಲಿ ಎರಡೂ ಪಕ್ಕ ಆಗಲೇ ಕಟ್ಟಿ ಮುಗಿದಿತ್ತು. ಚೆಂದ ಇಲ್ಲದ್ದಕ್ಕೂ ಒಂದು ಲಾಭ.

ನಮ್ಮವರು ಅಂದು ರಾತ್ರಿ ಮುಖ ಸಪ್ಪೆ ಮಾಡಿಕೊಂಡೇ ಒಪ್ಪಿದರು. ಆ ಗಲ್ಲರಿಯಾ ನೆನೆದರೆ ನನಗೂ ಹೊಟ್ಟೆಯೊಳಗೆ ಚುರ್ ಅನ್ನುತ್ತದೆ.

ಕರಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರಲ್ಲಿ ಜಾರಿಗೆ ಬಂದ ಬಾಡಿಗೆ ಕಾನೂನಿನ ಪ್ರಕಾರ ಕರಾರು ಹೌಸಿಂಗ್ ಅಥಾರಿಟಿಯಲ್ಲಿ ನೋಂದಣಿಯಾಗಲೇಬೇಕು. ಒಂದು ವರ್ಷದ ಕರಾರಾದರೆ ಮೊದಲ ಆರು ತಿಂಗಳು ಬಿಡುವ ಹಾಗಿಲ್ಲ. ಆಮೇಲೆ ಒಂದು ತಿಂಗಳ ನೋಟಿಸು ಕೊಟ್ಟು ಹೊರಡಬಹುದು. ಏಜೆಂಟಿಗೆ ಅರ್ಧ ತಿಂಗಳ ಬಾಡಿಗೆ, ಅದರ ಮೇಲೆ 18% ವ್ಯಾಟ್. ನಾವು ಎಡವಿದ್ದು ಕರೆಂಟ್ ಬಿಲ್ಲಿನಲ್ಲಿ. ಮನೆಯಲ್ಲಿ ಎಷ್ಟು ಜನ ವಾಸವಿದ್ದಾರೆ ಅಂತ ಫಾರಂ ತುಂಬಿ ಕೊಟ್ಟರೆ ಮಾತ್ರ ಕಡಿಮೆ ದರ ಸಿಗುತ್ತದೆ. ಮಾಲೀಕರು ಆಮೇಲೆ ಮಾಡೋಣ ಅಂದರು, ನಾವೂ ಹೂಂ ಅಂದೆವು. ಮೊದಲ ಬಿಲ್ ನೋಡಿ ಗೀಸರ್ ಕೆಟ್ಟಿದೆಯೇನೋ ಅಂತ ಪ್ಲಂಬರನ್ನೇ ಕರೆಸಿದ್ದೆವು. ಕರಾರಿಗೆ ಸಹಿ ಹಾಕುವ ದಿನವೇ ಆ ಫಾರಂ ಕೇಳಬೇಕಿತ್ತು.

ಸ್ಲೀಮಾ ಕೈಬಿಟ್ಟೇನೂ ಹೋಗಲಿಲ್ಲ. ರಜೆಯ ಸಂಜೆ ಅಲ್ಲಿಗೇ ನಡೆಯುತ್ತೇವೆ. ತೆರೆದ ಸಮುದ್ರ, ಬಂಡೆಯಲ್ಲಿ ಕೊರೆದ ಚೌಕದ ಸ್ನಾನದ ಹೊಂಡಗಳು, ಕೈಯಲ್ಲಿ ಬಟಾಣಿ ತುಂಬಿದ ಬಿಸಿ ಪಸ್ತಿಟ್ಸಿ. ಕತ್ತಲಾದ ಮೇಲೆ ಗ್ಜೀರಾಕ್ಕೆ ವಾಪಸ್.

ಸದ್ದಿಲ್ಲದ ಬೀದಿ ಅಂತ ಮನೆ ಹಿಡಿದೆನಲ್ಲ, ಜುಲೈ ಬಂತು. ನೈಟ್ ಮುಗಿಸಿ ಬಂದು ಮಲಗಿದ್ದೆ. ಬೆಳಿಗ್ಗೆ ಎಂಟಕ್ಕೆ ಢಂ ಅಂತ ಕಿಟಕಿ ಗಾಜು ಅದುರಿತು. ಇನ್ನೊಂದು ಢಂ. ನೈಟಿಯಲ್ಲೇ ಬಾಗಿಲಿಗೆ ಓಡಿದೆ. ಎದುರು ಮನೆಯ ಅಜ್ಜಿ ನಗುತ್ತಾ, “ಫೆಸ್ತಾ!” ಅಂದರು. ಗ್ಜೀರಾದ ಪ್ಯಾರಿಷ್, ಅಂದರೆ ಊರ ಚರ್ಚಿನ, ಕಾರ್ಮೆಲ್ ಮಾತೆಯ ಹಬ್ಬ. ಹಗಲು ಗರ್ನಾಲು, ಸಂಜೆ ಬ್ಯಾಂಡು, ಬೀದಿ ತುಂಬಾ ತೋರಣ. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

“ಸ್ಲೀಮಾದಲ್ಲೇ ಇರಬೇಕಿತ್ತು ಕಣ್ರೀ,” ಅಂದೆ.

ನಮ್ಮವರು ಅಜ್ಜಿ ಕೊಟ್ಟ ಬಾದಾಮಿ ಮಿಠಾಯಿ ಅಗಿಯುತ್ತಾ ಅಂದರು, “ಅಲ್ಲಿ ನಾಲ್ಕು ಪ್ಯಾರಿಷ್ ಇವೆ ಮಾರಾಯ್ತಿ. ನಾಲ್ಕು ಹಬ್ಬ.”