ಡಯಟೀಷಿಯನ್ ಸಂಘದ ಅಧ್ಯಕ್ಷರಾದಿರಾ? ಈ ವರ್ಷ ತೂಕದ ಯಂತ್ರ ಹುಡುಕಿ

ಅಭಿನಂದನೆಯ ಮೆಸೇಜುಗಳು ಇನ್ನೂ ಬರುತ್ತಿರುವಾಗಲೇ ಹಿಂದಿನ ಕಾರ್ಯದರ್ಶಿಗೆ ಫೋನ್ ಮಾಡಿ. ನೋಂದಣಿ ಪತ್ರ, ಬೈಲಾ, ಪ್ಯಾನ್ ಕಾರ್ಡ್, ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಪಾಸ್‌ಬುಕ್, ಸಂಘದ ಇಮೇಲಿನ ಪಾಸ್‌ವರ್ಡ್ ಇಷ್ಟೂ ಕೈಗೆ ಬರಬೇಕು. ನಮ್ಮ ಸಂಘದ ಇಮೇಲ್ ಹಳೆಯ ಸದಸ್ಯೆಯೊಬ್ಬರ ಸ್ವಂತ ಮೊಬೈಲ್ ನಂಬರಿಗೆ ಜೋಡಣೆಯಾಗಿತ್ತು. ಅವರು ಮದುವೆಯಾಗಿ ದುಬೈಗೆ ಹೋಗಿದ್ದರು, ಆ ಸಿಮ್ ಬಂದ್ ಆಗಿತ್ತು. ಸಂಘಕ್ಕೆಂದೇ ಒಂದು ಸಿಮ್ ಕೊಳ್ಳಿ, ತೊಂದರೆ ಮುಗಿಯುತ್ತದೆ. ನಿಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾದ ಸಂಘವಾದರೆ, ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಿಂದಿನವರು ಸಲ್ಲಿಸಿದ್ದಾರಾ ಅಂತ ಮೊದಲ ವಾರವೇ ನೋಡಿಬಿಡಿ. ರಾಷ್ಟ್ರೀಯ ಸಂಘದ ಶಾಖೆಯಾಗಿದ್ದರೆ ಅವರ ಬೈಲಾ ಓದಿ. ಕಾಗದಪತ್ರದ ಬಗ್ಗೆ ಇಷ್ಟು ಸಾಕು.

ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್. ನಮ್ಮ ಭಾಗದ ಸಂಘಕ್ಕೆ ಅಧ್ಯಕ್ಷೆಯಾಗಿದ್ದೆ. ಹೊಸಬರು ಬಂದು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು: ನಿಮ್ಮ ಅವಧಿಯಲ್ಲಿ ರೋಗಿಯ ಹಾಸಿಗೆಯ ಹತ್ತಿರ ಯಾವುದಾದರೂ ಒಂದು ಬದಲಾವಣೆ ಆಗಬೇಕು. ಸಮ್ಮೇಳನ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಸಮ್ಮೇಳನ ಮುಗಿದ ಸೋಮವಾರ ವಾರ್ಡಿನಲ್ಲಿ ಏನೂ ಬದಲಾಗದಿದ್ದರೆ ಆ ಬ್ಯಾಗು, ಬ್ಯಾಡ್ಜು, ಊಟದ ಕೂಪನ್ ಎಲ್ಲ ಯಾಕೆ?

ಯಾವ ಬದಲಾವಣೆ ಅಂತ ಗೊತ್ತಾಗದಿದ್ದರೆ ತೂಕದಿಂದ ಶುರು ಮಾಡಿ. ದಾಖಲಾದ ಪ್ರತಿ ರೋಗಿಯ ತೂಕ 24 ಗಂಟೆಯೊಳಗೆ ಕೇಸ್ ಶೀಟಿನಲ್ಲಿ ಬರೆದಿರಬೇಕು. ಕೇಳಲು ತೀರಾ ಸಣ್ಣದು ಅನಿಸುತ್ತದೆ, ಅಲ್ವಾ? ನಿಮ್ಮ ಆಸ್ಪತ್ರೆಯ ಹತ್ತು ಕೇಸ್ ಶೀಟು ತೆಗೆದು ನೋಡಿ. ತೂಕದ ಜಾಗ ಖಾಲಿ ಇರುತ್ತದೆ. ಇಲ್ಲವೇ ಎಲ್ಲರದೂ 60, 65, 70 ಅಂತ ದುಂಡನೆಯ ಅಂಕಿ ಇರುತ್ತದೆ. ಅವೆಲ್ಲ ಕಣ್ಣಳತೆ.

ಕಣ್ಣಳತೆ ಎಲ್ಲಿ ಸೋಲುತ್ತದೆ ನೋಡಿ. 165 ಸೆಂ.ಮೀ. ಎತ್ತರದ ಒಬ್ಬ ರೋಗಿ ಅಂದುಕೊಳ್ಳಿ. ಮೂರು ತಿಂಗಳ ಹಿಂದೆ 60 ಕಿಲೋ ಇದ್ದವರು ಈಗ 53. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 19.5. ನೋಡಿದರೆ ತೆಳ್ಳಗಿನ ಮನುಷ್ಯ, ಅಷ್ಟೇ. ಆದರೆ ಇಳಿದಿರುವ ತೂಕ ಶೇ. 11ಕ್ಕಿಂತ ಜಾಸ್ತಿ. ಬ್ರಿಟನ್ನಿನವರು ರೂಪಿಸಿದ ‘ಮಸ್ಟ್’ ಎಂಬ ಅಪೌಷ್ಟಿಕತೆಯ ತಪಾಸಣೆಯ ಪ್ರಕಾರ ಬಿಎಂಐ 18.5ರಿಂದ 20ರ ನಡುವೆ ಇದ್ದರೆ 1 ಅಂಕ. 3ರಿಂದ 6 ತಿಂಗಳಲ್ಲಿ ತಾನಾಗಿಯೇ ಶೇ. 10ಕ್ಕಿಂತ ಹೆಚ್ಚು ತೂಕ ಇಳಿದಿದ್ದರೆ 2. ಒಟ್ಟು 3 ಆಯಿತು. 2 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಜಾಸ್ತಿ ಅಂತಲೇ ಲೆಕ್ಕ. ಇವರಿಗೆ ಆಪರೇಷನ್ ಇದ್ದರೆ ಗಾಯ ಮಾಯುವುದು ತಡ, ಸೋಂಕಿನ ಭಯ ಹೆಚ್ಚು. ತೂಕ ನೋಡದೇ ಇದ್ದರೆ ಇವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಈ ಕೆಲಸಕ್ಕೆ ಎಲ್ಲರೂ ಮೊದಲು ಹೋಗುವುದು ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ತಿರ. ಪತ್ರಕ್ಕೆ ಅವರ ಸಹಿ ಬೇಕು, ನಿಜ. ಆದರೆ ಮೊದಲ ಮಾತುಕತೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಜೊತೆ ಆಗಲಿ. ತೂಕ ನೋಡುವವರು ಸಿಸ್ಟರ್‌ಗಳು. ಅವರಿಗೆ ಇನ್ನೊಂದು ಫಾರಂ ಹೊರೆಯಾದರೆ ನಿಮ್ಮ ಯೋಜನೆ ಎರಡೇ ವಾರದಲ್ಲಿ ಸಾಯುತ್ತದೆ. ಹೊಸ ಫಾರಂ ಮಾಡಲೇಬೇಡಿ. ಈಗಿರುವ ಅಡ್ಮಿಷನ್ ಶೀಟಿನಲ್ಲಿ ಮೂರು ಸಾಲು ಸೇರಿಸಿ: ಇಂದಿನ ತೂಕ, ಮೊದಲಿನ ತೂಕ, ಐದು ದಿನದಿಂದ ಊಟ ಸರಿಯಾಗಿ ಹೋಗಿದೆಯಾ. ‘ಮೊದಲು ಎಷ್ಟು ಕಿಲೋ ಇದ್ರಿ’ ಅಂದರೆ ನಮ್ಮ ಜನ ಹೇಳಲಾರರು. ‘ಕುಪ್ಪಸ ಸಡಿಲ ಆಗಿದೆಯಾ? ಪ್ಯಾಂಟು ಜಾರುತ್ತಾ? ಬಳೆ, ಉಂಗುರ ಕಳಚಿ ಬೀಳುತ್ತಾ?’ ಅಂತ ಕೇಳಿದರೆ ತಕ್ಷಣ ಉತ್ತರ ಬರುತ್ತದೆ.

ಆಮೇಲೆ ತೂಕದ ಯಂತ್ರ ಹುಡುಕಿ. ಪ್ರತಿ ವಾರ್ಡಿನಲ್ಲೂ ಒಂದು ಇರುತ್ತದೆ. ಎಲ್ಲಿರುತ್ತದೆ ಅನ್ನುವುದೇ ಪ್ರಶ್ನೆ. ಡ್ರೆಸ್ಸಿಂಗ್ ಟ್ರಾಲಿಯ ಹಿಂದೆ, ಬ್ಯಾಟರಿ ಸತ್ತ ಸ್ಥಿತಿಯಲ್ಲಿ, ಮೇಲೊಂದು ಸಲೈನ್ ಡಬ್ಬ ಹೊತ್ತುಕೊಂಡು ಕೂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸಂಘದ ದುಡ್ಡಿನಲ್ಲಿ ಬ್ಯಾಟರಿ ಹಾಕಿಸಿ. ಫ್ಲೆಕ್ಸ್ ಬ್ಯಾನರಿಗೆ ಖರ್ಚು ಮಾಡುವುದಕ್ಕಿಂತ ಒಳ್ಳೆಯದು. ಎದ್ದು ನಿಲ್ಲಲಾಗದ ರೋಗಿಗೆ ಟೇಪು ಸಾಕು. ತೋಳಿನ ನಡುಭಾಗದ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬಿಎಂಐ 20ರ ಕೆಳಗೆ ಇರುವ ಸಾಧ್ಯತೆ ಹೆಚ್ಚು. ಎತ್ತರ ಅಳೆಯಲಾಗದಿದ್ದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆಯ ಉದ್ದದಿಂದ ಅಂದಾಜು ಮಾಡುವ ಪಟ್ಟಿ ಮಸ್ಟ್ ಜೊತೆಯಲ್ಲೇ ಇದೆ.

ಈಗ ಸಂಘದ ಬಲ ಕೆಲಸಕ್ಕೆ ಬರುವ ಹಂತ. ಒಬ್ಬ ಡಯಟೀಷಿಯನ್ ತನ್ನ ಆಸ್ಪತ್ರೆಯಲ್ಲಿ ಕೇಳಿದರೆ ‘ನೋಡೋಣ ಬಿಡಮ್ಮ’ ಅನ್ನುತ್ತಾರೆ. ಊರಿನ ಎಲ್ಲ ಆಸ್ಪತ್ರೆಗಳಲ್ಲಿ ಒಂದೇ ದಿನ ಎಣಿಕೆಯಾದರೆ ಅದಕ್ಕೊಂದು ತೂಕ ಬರುತ್ತದೆ. ವಾರದ ನಡುವಿನ ಒಂದು ದಿನ ಆರಿಸಿಕೊಳ್ಳಿ. ಸೋಮವಾರ ಬೇಡ, ಅಂದು ಒಪಿಡಿ ಜಾತ್ರೆ. ಪ್ರತಿ ಸದಸ್ಯರೂ ಅನುಮತಿ ಪಡೆದು, ಹಿಂದಿನ ದಿನ ದಾಖಲಾದವರು ಎಷ್ಟು ಜನ, ಅವರಲ್ಲಿ ಎಷ್ಟು ಜನರ ತೂಕ ಬರೆದಿದೆ ಅಂತ ಎಣಿಸಲಿ. ಎರಡೇ ಅಂಕಿ. ರೋಗಿಯ ಹೆಸರು ಬೇಡ. ಆಸ್ಪತ್ರೆಯ ಹೆಸರೂ ಹೊರಗೆ ಬರಬಾರದು. ಅವರವರ ಅಂಕಿ ಅವರವರಿಗೆ ಮಾತ್ರ, ಎಲ್ಲರಿಗೂ ತೋರಿಸುವುದು ಊರಿನ ಒಟ್ಟು ಲೆಕ್ಕ. ಈ ಮಾತನ್ನು ಪತ್ರದಲ್ಲೇ ಬರೆದುಕೊಡಿ. ಇಲ್ಲದಿದ್ದರೆ ಯಾವ ಆಡಳಿತವೂ ಒಪ್ಪುವುದಿಲ್ಲ. ನಾಲ್ಕು ತಿಂಗಳ ನಂತರ ಮತ್ತೆ ಎಣಿಸಿ. ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸುವ ಆಸೆ ಇದ್ದರೆ ಎಣಿಕೆಗೆ ಮೊದಲೇ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯಿರಿ.

ಒಂದು ಎಚ್ಚರಿಕೆ. ಅಂಕ ಹಾಕಿ ಸುಮ್ನೆ ಕೂತರೆ ಪ್ರಯೋಜನವಿಲ್ಲ. ಮಸ್ಟ್‌ನಲ್ಲಿ 2 ಅಥವಾ ಹೆಚ್ಚು ಬಂದ ರೋಗಿಯನ್ನು ಯಾರು, ಎಷ್ಟು ಹೊತ್ತಿನೊಳಗೆ ನೋಡಬೇಕು ಅಂತ ಮೊದಲೇ ತೀರ್ಮಾನವಾಗಿರಲಿ. ಇಡೀ ಆಸ್ಪತ್ರೆಗೆ ಒಬ್ಬರೇ ಡಯಟೀಷಿಯನ್ ಇರುವ ಕಡೆ, ಶುಗರ್ ಇರುವ ಪ್ರತಿಯೊಬ್ಬರಿಗೂ ಡಯಟ್ ಚಾರ್ಟ್ ಕೊಡಲು ಓಡಾಡುವ ಬದಲು ಇವರನ್ನು ಮೊದಲು ನೋಡಲಿ.

ದುಡ್ಡಿನ ವಿಷಯಕ್ಕೆ ಬರೋಣ. ಕಾರ್ಯಕ್ರಮ ಅಂದ ಕೂಡಲೇ ಪೌಡರ್ ಕಂಪನಿಯವರು ಹಾಜರ್. ಊಟ ನಮ್ಮದು, ಹಾಲ್ ಬಾಡಿಗೆ ನಮ್ಮದು, ಹತ್ತು ನಿಮಿಷ ಮಾತಾಡಲು ಬಿಡಿ ಸಾಕು ಅನ್ನುತ್ತಾರೆ. ಇಲ್ಲಿ ಕಾನೂನು ಗೊತ್ತಿರಲಿ. ಶಿಶು ಹಾಲಿನ ಬದಲಿಗಳ ಬಗ್ಗೆ 1992ರ ಕಾಯ್ದೆ ಇದೆ, 2003ರಲ್ಲಿ ತಿದ್ದುಪಡಿಯಾಗಿದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಫೀಡಿಂಗ್ ಬಾಟಲಿ ತಯಾರಿಸುವವರು ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಕ್ಕಾಗಲಿ ಹಣ ಕೊಡುವಂತಿಲ್ಲ. ಸೆಮಿನಾರ್, ಸಮ್ಮೇಳನ, ಸ್ಪರ್ಧೆ, ಸಂಶೋಧನೆ ಯಾವ ಹೆಸರಿನಲ್ಲೂ ಇಲ್ಲ. ‘ನಾವು ದೊಡ್ಡವರ ಪ್ರೋಟೀನ್ ಪೌಡರ್ ವಿಭಾಗದವರು ಮೇಡಂ’ ಅಂತ ಅದೇ ಕಂಪನಿಯ ಇನ್ನೊಬ್ಬರು ಬರುತ್ತಾರೆ. ನಗುನಗುತ್ತಾ ಚಹಾ ಕೊಟ್ಟು ಕಳಿಸಿ. ಉಳಿದ ಕಂಪನಿಗಳಿಗೆ ನಿಮ್ಮದೇ ನಿಯಮ ಬರೆದಿಡಿ. ನನ್ನ ಪ್ರಕಾರ ಸ್ಟಾಲಿಗೆ ಬಾಡಿಗೆ ಪಡೆಯಬಹುದು, ಭಾಷಣಕಾರರನ್ನು ಅವರು ಆರಿಸಬಾರದು. ದುಡ್ಡು ಕಡಿಮೆಯಾದರೆ ಮೆಡಿಕಲ್ ಕಾಲೇಜಿನ ಹಾಲ್ ಕೇಳಿ, ಮನೆ ಅಡುಗೆಯವರಿಂದ ಪಲಾವ್ ಮೊಸರನ್ನ ತರಿಸಿ. ಜನ ಬಂದೇ ಬರುತ್ತಾರೆ.

ಬರುವುದು ವಿಷಯ ನೋಡಿ. ಬೆಂಗಳೂರಿನಿಂದ ದೊಡ್ಡವರೊಬ್ಬರನ್ನು ಕರೆಸಿ ‘ಪೋಷಣೆಯ ಭವಿಷ್ಯ’ ಅಂತ ಮಾತಾಡಿಸಿದರೆ ಮೊದಲ ಸಾಲು ಮಾತ್ರ ತುಂಬುತ್ತದೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ರಾಗಿ ಗಂಜಿ ಕಟ್ಟಿಕೊಳ್ಳದ ಹಾಗೆ ಮಾಡುವುದು ಹೇಗೆ ಅಂತ ಇಟ್ಟು ನೋಡಿ, ಹಾಲ್ ಸಾಲದು. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಬಳಸಿದರೆ ಗಂಜಿ ತೆಳ್ಳಗಾಗುತ್ತದೆ, ಏಕೆಂದರೆ ಮೊಳಕೆಯಲ್ಲಿರುವ ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ. ನೀರು ಸುರಿಯದೆಯೇ ಟ್ಯೂಬಿನಲ್ಲಿ ಇಳಿಯುವುದರಿಂದ ಕ್ಯಾಲೊರಿಯೂ ಉಳಿಯುತ್ತದೆ. ಇದನ್ನು ಜಾಲರಿ, ಸಿರಿಂಜು ಹಿಡಿದು ಮಾಡಿಯೇ ತೋರಿಸಬೇಕು. ದೀರ್ಘ ಉಪವಾಸದ ನಂತರ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿಯುವ ರೀಫೀಡಿಂಗ್ ಸಮಸ್ಯೆ ಇನ್ನೊಂದು ಒಳ್ಳೆಯ ವಿಷಯ. ಡಯಾಲಿಸಿಸ್ ರೋಗಿಗೆ ನೆಂಟರು ಪ್ರೀತಿಯಿಂದ ಎಳನೀರು ತರುತ್ತಾರೆ, ಕಿಡ್ನಿ ಸೋತವರಿಗೆ ಅಪಾಯವಾಗುವ ಅದರ ಪೊಟ್ಯಾಸಿಯಂ ಬಗ್ಗೆ ಮನಸ್ಸು ನೋಯದಂತೆ ಹೇಳುವುದು ಹೇಗೆ ಅನ್ನುವುದೂ ಒಂದು ಗಂಟೆಯ ಚರ್ಚೆಗೆ ಸಾಕು. ಸಭೆ ಭಾನುವಾರ ಬೆಳಿಗ್ಗೆ ಇಡಿ, ಊಟಕ್ಕೆ ಮುಗಿಸಿ. ನಮ್ಮ ಸದಸ್ಯರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಸಂಜೆಯ ಸಭೆ ಅಂದರೆ ಮನೆಯಲ್ಲಿ ಇನ್ನೊಬ್ಬರು ಅಡುಗೆ ಮಾಡಬೇಕಾಗುತ್ತದೆ, ಅದು ಬೇರೆಯೇ ಹೋರಾಟ.

ಸದಸ್ಯತ್ವವನ್ನು ಕಾರ್ಪೊರೇಟ್ ಆಸ್ಪತ್ರೆಗಳಿಗೆ ಸೀಮಿತ ಮಾಡಬೇಡಿ. ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ, ತೋಳಿನ ಸುತ್ತಳತೆ 11.5 ಸೆಂ.ಮೀ. ದಾಟದ, ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಗಂಟೆಗಟ್ಟಲೆ ಕೂತು ಎಫ್-75 ಎಂಬ ಚಿಕಿತ್ಸೆಯ ಹಾಲು ಕುಡಿಸುವವರಿದ್ದಾರೆ. ಅವರನ್ನು ಹುಡುಕಿಕೊಂಡು ಹೋಗಿ ಕರೆಯಿರಿ. ಶುಲ್ಕ ಹೆಚ್ಚೆನಿಸಿದರೆ ಕಂತಿನಲ್ಲಿ ಪಡೆಯಿರಿ. ಹಾಗೆಯೇ ಪ್ರತಿ ಸದಸ್ಯರ ಪದವಿ, ಇಂಟರ್ನ್‌ಶಿಪ್, ಅನುಭವದ ಪತ್ರಗಳ ಪ್ರತಿ ಒಂದು ಕಡೆ ಇರಲಿ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆ ವೃತ್ತಿ ಸಂಘದ ಮಾನ್ಯತೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ಡಯಟೀಷಿಯನ್ನರೂ ಸೇರಿದ್ದಾರೆ, ರಾಜ್ಯ ಮಂಡಳಿಯ ನೋಂದಣಿ ಅದರಡಿ ಬರುವಂಥದ್ದು. ಇವೆರಡೂ ಬೇರೆ ಬೇರೆ ಅಂತ ಸದಸ್ಯರಿಗೆ ಬಿಡಿಸಿ ಹೇಳುವುದು ನಿಮ್ಮ ಕೆಲಸ.

ಜನವರಿ 10ರ ಡಯಟೆಟಿಕ್ಸ್ ದಿನ, ಸೆಪ್ಟೆಂಬರ್ ಮೊದಲ ವಾರದ ಪೌಷ್ಟಿಕ ಸಪ್ತಾಹ ಬಂದೇ ಬರುತ್ತವೆ. ಸಿರಿಧಾನ್ಯದ ಲಾಡು ಸ್ಪರ್ಧೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ಇಟ್ಟು ಮುಗಿಸಿ. ಇನ್‌ಸ್ಟಾಗ್ರಾಮಿನ ಡಯಟ್ ಕೋಚ್‌ಗಳ ಮೇಲೆ ಜಗಳಕ್ಕೆ ಹೋಗಬೇಡಿ, ವರ್ಷವೆಲ್ಲ ಅದರಲ್ಲೇ ಕಳೆಯುತ್ತದೆ.

ಅವಧಿಯ ಅರ್ಧ ಮುಗಿಯುವಾಗ ಮುಂದಿನವರನ್ನು ಗುರುತಿಸಿ. ಮಾತು ಚೆನ್ನಾಗಿ ಆಡುವವರನ್ನು ಹುಡುಕಬೇಡಿ. ಎಣಿಕೆಯ ದಿನ ಸಮಯಕ್ಕೆ ಸರಿಯಾಗಿ ಅಂಕಿ ಕಳಿಸಿದವರು ಯಾರು ಅಂತ ಪಟ್ಟಿ ನೋಡಿ. ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಿ, ಎರಡನೇ ಎಣಿಕೆಯನ್ನು ಪೂರ್ತಿ ಅವರಿಗೇ ಬಿಡಿ. ನೋಂದಣಾಧಿಕಾರಿಯ ಕಚೇರಿಗೆ ಹೋಗುವಾಗಲೂ ಒಮ್ಮೆ ಜೊತೆಗೆ ಕರೆದೊಯ್ಯಿರಿ, ಯಾವ ಟೇಬಲ್ಲಿಗೆ ಯಾವ ಕಾಗದ ಅಂತ ಅವರಿಗೂ ತಿಳಿಯಲಿ.