ಶಿವರಾತ್ರಿ ಕಳೆದ ಮೇಲೆ ಹೆಣಿಗೆಯ ಲೆಕ್ಕ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಸ್ವೆಟರು, ಟೋಪಿ, ಮಫ್ಲರುಗಳು ಟ್ರಂಕು ಸೇರುವ ಆ ವಾರವೇ ಹೆಣೆಯುವವರು ವರ್ಷದ ಲೆಕ್ಕ ನೋಡಲು ಸರಿಯಾದ ಹೊತ್ತು. ಡಿಸೆಂಬರ್ 31ಕ್ಕೆ ಕೂತರೆ ಎಷ್ಟು ಹೆಣೆದಿರಿ ಎಂಬುದಷ್ಟೇ ಸಿಗುತ್ತದೆ. ಕೊಟ್ಟದ್ದನ್ನು ಯಾರು ತೊಟ್ಟರು, ಯಾವುದು ಮಡಿಕೆ ಬಿಚ್ಚದೆ ಉಳಿಯಿತು ಎಂಬುದು ಚಳಿ ಮುಗಿದ ಮೇಲೆಯೇ ತಿಳಿಯುವುದು.

ಬೇಕಾಗುವುದು ಒಂದು ನೋಟ್‌ಬುಕ್, ಅಳತೆಯ ಟೇಪು, 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ. ಮೊದಲು ಫೋನಿನ ಫೋಟೋಗಳನ್ನು ತಿಂಗಳ ಪ್ರಕಾರ ನೋಡುತ್ತಾ ಹೆಣೆದದ್ದನ್ನೆಲ್ಲ ಪಟ್ಟಿ ಮಾಡಿ. ನೆನಪಿನಿಂದ ಬರೆದರೆ ಮಳೆಗಾಲದಲ್ಲಿ ಮಾಡಿದ ಒಂದೆರಡು ಕುಲಾವಿ ಖಂಡಿತ ತಪ್ಪಿಹೋಗುತ್ತವೆ. ಪ್ರತಿ ವಸ್ತುವಿನ ಎದುರು ಯಾರಿಗೆ, ಯಾವ ಉಲ್ಲನ್, ಎಷ್ಟು ಗ್ರಾಂ, ಕಡ್ಡಿಯ ಅಳತೆ, ಎಷ್ಟು ಕುಣಿಕೆ, ಎಷ್ಟು ದಿನ ಎಂದು ಬರೆಯಿರಿ. ಉಂಡೆಯ ಲೇಬಲ್ ಇದ್ದರೆ ಅದೇ ಪುಟಕ್ಕೆ ಸ್ಟೇಪಲ್ ಮಾಡಿ, ಜತೆಗೆ ಒಂದು ಗೇಣು ದಾರವನ್ನೂ ಕಟ್ಟಿ.

ಕಡ್ಡಿಯ ಅಳತೆಯನ್ನು ಮಾತ್ರ ನಂಬರಿನಲ್ಲಿ ಬರೆಯಬೇಡಿ, ಮಿಲಿಮೀಟರಿನಲ್ಲಿ ಬರೆಯಿರಿ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರು ಇನ್ನೂ ನಡೆಯುತ್ತದೆ. ಅದರಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ: 8 ಎಂದರೆ 4 ಮಿ.ಮೀ., 10 ಎಂದರೆ 3.25, 12 ಎಂದರೆ 2.75. ಅಮೆರಿಕದ ನಂಬರಿನಲ್ಲಿ ಇದು ತಲೆಕೆಳಗು, ಅಲ್ಲಿ 8 ಎಂದರೆ 5 ಮಿ.ಮೀ. ಅಮೆರಿಕದ ಪ್ಯಾಟರ್ನ್ ನೋಡಿ ಇಲ್ಲಿಯ 8ನೇ ನಂಬರ್ ಕಡ್ಡಿ ಹಿಡಿದವರ ಸ್ವೆಟರು ಯಜಮಾನರಿಗೆ ಬದಲು ಮಗನಿಗೆ ಆಗುವುದು ಹೀಗೆ.

ಇನ್ನು ಹೊತ್ತಿನ ಲೆಕ್ಕ. ಮುಂದಿನ ವರ್ಷದ ಉಡುಗೊರೆಗಳೆಲ್ಲ ನಿಂತಿರುವುದು ಇದರ ಮೇಲೆ, ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ. ಗಡಿಯಾರ ಇಟ್ಟುಕೊಂಡು ಸಾದಾ ಹೆಣಿಗೆಯನ್ನು 10 ನಿಮಿಷ ಹೆಣೆದು ಕುಣಿಕೆ ಎಣಿಸಿ. 200 ಬಂತು ಎಂದುಕೊಳ್ಳೋಣ, ಅಂದರೆ ನಿಮಿಷಕ್ಕೆ 20. ಡಿಕೆ (ಡಬಲ್ ನಿಟಿಂಗ್) ಎನ್ನುವ ಮಧ್ಯಮ ದಪ್ಪದ ಉಲ್ಲನ್ನಿಗೆ 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ. ಅಗಲಕ್ಕೆ ಸುಮಾರು 22 ಕುಣಿಕೆ ಬರುತ್ತದೆ. ಎರಡೂ ಕಡೆ ನಿಟ್ (ಸೀದಾ ಕುಣಿಕೆ) ಮಾಡುವ ಗಾರ್ಟರ್ ಹೆಣಿಗೆಯಲ್ಲಿ ಅದೇ 10 ಸೆಂ.ಮೀ. ಎತ್ತರಕ್ಕೆ 44 ಸಾಲು. ಈಗ 20 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ ಮಫ್ಲರಿಗೆ ಲೆಕ್ಕ ಹಾಕಿ: 44 ಕುಣಿಕೆ, 660 ಸಾಲು, ಒಟ್ಟು 29,040 ಕುಣಿಕೆ. ನಿಮಿಷಕ್ಕೆ 20ರಂತೆ 24 ಗಂಟೆ ಆಯಿತು! ದೊಡ್ಡವರ ಟೋಪಿಗೆ 112 ಕುಣಿಕೆ ಹಾಕಿ 20 ಸೆಂ.ಮೀ. ಹೆಣೆದರೆ, ನೆತ್ತಿಯಲ್ಲಿ ಕುಣಿಕೆ ಇಳಿಸುವುದನ್ನು ಕಳೆದು, ಸುಮಾರು 6,000 ಕುಣಿಕೆ, 5 ಗಂಟೆ. ಹಸುಗೂಸಿನ ಕುಲಾವಿ 2 ಗಂಟೆಯ ಕೆಲಸ. ದೊಡ್ಡವರ ತೋಳಿಲ್ಲದ ಸ್ವೆಟರಿಗೆ 33 ಗಂಟೆಯಾದರೂ ಬೇಕು, ಹೊಲಿದು ಜೋಡಿಸುವುದು ಬೇರೆ.

'ಸುಲಭದ್ದು ಮಫ್ಲರ್, ಅದನ್ನೇ ಕೊಡೋಣ' ಎನ್ನುವವರು ಹತ್ತಿರ ಹತ್ತಿರ ಐದು ಟೋಪಿಯ ಹೊತ್ತನ್ನು ಒಂದಕ್ಕೇ ಸುರಿಯುತ್ತಿದ್ದಾರೆ. ಸುಲಭ ನಿಜ, ಬೇಗ ಮುಗಿಯುವುದಲ್ಲ. ಮಫ್ಲರೇ ಬೇಕೆಂದರೆ ದಪ್ಪ ಉಲ್ಲನ್ ಹಿಡಿಯಿರಿ. 5 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 18 ಕುಣಿಕೆ, 36 ಸಾಲು ಬಂದರೆ ಅದೇ ಅಳತೆ 19,440 ಕುಣಿಕೆಗೆ, ಸುಮಾರು 16 ಗಂಟೆಗೆ ಇಳಿಯುತ್ತದೆ. ಒಂದು ಕಡೆ ನಿಟ್, ಇನ್ನೊಂದು ಕಡೆ ಪರ್ಲ್ (ಉಲ್ಟಾ ಕುಣಿಕೆ) ಮಾಡಿ ಹೊತ್ತು ಉಳಿಸಲು ಹೋದರೆ ಅಂಚು ಚಾಪೆಯಂತೆ ಸುರುಳಿ ಸುತ್ತುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ.

ಮುಂದಿನದು ಸ್ವಲ್ಪ ಮುಜುಗರದ ಕೆಲಸ: ತೊಟ್ಟಿದ್ದಾರೋ ಇಲ್ಲವೋ ನೋಡುವುದು. 'ಇಷ್ಟ ಆಯ್ತಾ' ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಒಗೆದ ಮೇಲೆ ಹೇಗಿದೆ' ಎಂದು ಕೇಳಿ, ನಿಜ ಹೊರಬರುತ್ತದೆ. ಕೈಗೆ ಸಿಕ್ಕರೆ ಕಂಕುಳ ಕೆಳಗೆ ನೋಡಿ. ಅಲ್ಲಿ ನವಿರು ಎದ್ದು ಪುಟ್ಟ ಉಂಡೆ ಕಟ್ಟಿದ್ದರೆ ಬೇಸರ ಬೇಡ, ಚೆನ್ನಾಗಿ ತೊಟ್ಟಿದ್ದಾರೆ ಎಂದರ್ಥ.

ತೊಡದಿದ್ದಕ್ಕೆ ಕಾರಣಗಳು ಬೆರಳೆಣಿಕೆಯಷ್ಟೇ. ಮಗುವಿನ ಸ್ವೆಟರಾದರೆ ಮೊದಲ ಅನುಮಾನ ಕುತ್ತಿಗೆಯ ಮೇಲೆ. ಮೈ ಅಳತೆ ಸರಿಯಿದ್ದರೂ ಕೊನೆಯ ಸಾಲು ಬಿಗಿಯಾಗಿ ಮುಚ್ಚಿದ್ದರೆ ತಲೆ ತೂರುವುದಿಲ್ಲ, ಮಗು ಕಿರುಚುತ್ತದೆ, ಅಮ್ಮ ಮತ್ತೆ ಅದನ್ನು ಮುಟ್ಟುವುದಿಲ್ಲ. ಕುತ್ತಿಗೆ ಮುಚ್ಚುವಾಗ ಬಲಗೈಗೆ ಒಂದೆರಡು ಅಳತೆ ದಪ್ಪ ಕಡ್ಡಿ ತೆಗೆದುಕೊಳ್ಳಿ, ಇಲ್ಲವೇ ಒಂದು ಭುಜಕ್ಕೆ ಗುಂಡಿಪಟ್ಟಿ ಇಡಿ. ಗುಂಡಿಗಳನ್ನು ಹೊಲಿಗೆ ದಾರದಲ್ಲಿ ಗಟ್ಟಿಯಾಗಿ ಹಾಕಿ, ಸಡಿಲ ಗುಂಡಿ ಮಗುವಿನ ಬಾಯಿಗೇ ಹೋಗುವುದು. ಕುಲಾವಿಗೆ ಉದ್ದನೆಯ ಕಟ್ಟುದಾರವೂ ಬೇಡ.

ಎರಡನೆಯದು ತಿಂಗಳ ಲೆಕ್ಕ. ಏಪ್ರಿಲ್‌ನಲ್ಲಿ ಹುಟ್ಟಿದ ಮಗುವಿನ ನಾಮಕರಣಕ್ಕೆ ಹಸುಗೂಸಿನ ಅಳತೆಯ ಸ್ವೆಟರು ಕೊಟ್ಟರೆ ಅದು ಬೇಸಿಗೆಯಲ್ಲೇ ಚಿಕ್ಕದಾಗುತ್ತದೆ. ಡಿಸೆಂಬರಿನ ಚಳಿಗೆ ಆ ಮಗುವಿಗೆ 8 ತಿಂಗಳು, ಎದೆ ಸುತ್ತಳತೆ ಸುಮಾರು 46 ಸೆಂ.ಮೀ. ಸ್ವೆಟರು 50 ಸೆಂ.ಮೀ. ಇರಲಿ. ಟೋಪಿಗೆ ಇದು ಉಲ್ಟಾ: ತಲೆಯ ಅಳತೆಗಿಂತ ಹತ್ತನೇ ಒಂದು ಭಾಗ ಕಡಿಮೆ ಇರಬೇಕು, ಇಲ್ಲದಿದ್ದರೆ ಕಣ್ಣಿನ ಮೇಲೆ ಜಾರುತ್ತದೆ. 56 ಸೆಂ.ಮೀ. ತಲೆಗೆ 50 ಸೆಂ.ಮೀ. ಟೋಪಿ, ಅಂದರೆ 110 ಕುಣಿಕೆ. ನೆತ್ತಿಯನ್ನು ಎಂಟು ಪಾಲು ಮಾಡಿ ಇಳಿಸುವುದಾದ್ದರಿಂದ 112.

ಮೂರನೆಯದು ಒಗೆತ. ಅಪ್ಪಟ ಉಣ್ಣೆಯ ಎಳೆಗೆ ಮೀನಿನ ಹಾಗೆ ಪೊರೆ ಇರುತ್ತದೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದಾಗ ಪೊರೆಗಳು ಒಂದಕ್ಕೊಂದು ಸಿಕ್ಕಿ ಬಟ್ಟೆ ಕುಗ್ಗಿ ಕಂಬಳಿಯಂತಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಮಷೀನಿಗೇ ಹಾಕುವ ಮನೆಗೆ ಅಕ್ರಿಲಿಕ್ ಅಥವಾ ಸೂಪರ್‌ವಾಶ್ (ಮಷೀನಿನಲ್ಲಿ ಕುಗ್ಗದಂತೆ ಹದ ಮಾಡಿದ) ಉಣ್ಣೆಯೇ ಸರಿ. ಡ್ರೈಯರಿನಲ್ಲಿ ಒಣಗಿಸುವ ಪರದೇಶದ ನೆಂಟರಿಗಂತೂ ಬೇರೆಯದು ಕಳಿಸಲೇಬೇಡಿ. ಮಂಗಳೂರು, ಕಾರವಾರದ ಕಡೆಯವರಿಗೆ ಸ್ವೆಟರಿಗಿಂತ ಹತ್ತಿ ದಾರದ ಕ್ರೋಶಾ ಕೆಲಸ ಒಳ್ಳೆಯದು. ಮಡಿಕೇರಿಯ ಮನೆಗೆ ಕಾಲುಚೀಲ ಕೊಟ್ಟು ನೋಡಿ, ಮರುವರ್ಷ ಕೇಳಿ ಪಡೆಯುತ್ತಾರೆ.

ಉಳಿದ ಉಲ್ಲನ್ನನ್ನು ತೂಗುವುದು ಅರ್ಧ ಗಂಟೆಯ ಕೆಲಸ. ಲೇಬಲ್ಲಿನಲ್ಲಿ 100 ಗ್ರಾಂಗೆ 220 ಮೀಟರ್ ಎಂದಿದ್ದು ಉಂಡೆ 37 ಗ್ರಾಂ ತೂಗಿದರೆ ಉಳಿದಿರುವುದು ಸುಮಾರು 81 ಮೀಟರ್. ಡಿಕೆಯಲ್ಲಿ 30 ಗ್ರಾಂ ಇದ್ದರೆ ಹಸುಗೂಸಿನ ಕುಲಾವಿ ಆಗುತ್ತದೆ. 7 ಗ್ರಾಂಗೆ 10 ಸೆಂ.ಮೀ.ಯ ಒಂದು ಗಾರ್ಟರ್ ಚೌಕ, ಅಂಥ 70 ಚೌಕ ಜೋಡಿಸಿದರೆ ತೊಟ್ಟಿಲ ಹೊದಿಕೆ. ಆದರೆ ಒಂದೇ ಹೊದಿಕೆಯಲ್ಲಿ ಉಣ್ಣೆ, ಅಕ್ರಿಲಿಕ್ ಬೆರೆಸಬೇಡಿ, ಮೊದಲ ಒಗೆತಕ್ಕೇ ಉಣ್ಣೆಯ ಚೌಕಗಳು ಕುಗ್ಗಿ ಸುತ್ತಲಿನದನ್ನು ಎಳೆಯುತ್ತವೆ. ಲೇಬಲ್ ಕಳೆದಿದ್ದರೆ ತುಣುಕನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ, ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ತಾನೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಕಾಗದದಂತೆ ಉರಿದರೆ ಹತ್ತಿ.

ಎತ್ತಿಡುವ ಮೊದಲು ಒಗೆದು ಪೂರ್ತಿ ಒಣಗಿಸಿ. ನುಸಿಹುಳ ಬರುವುದು ಬೆವರು, ಎಣ್ಣೆ ಹತ್ತಿದ ಉಣ್ಣೆಗೆ, ಮಲೆನಾಡಿನ ಬೂಷ್ಟು ಬರುವುದು ತೇವಕ್ಕೆ. ಮಗುವಿಗೆ ಕೊಡುವ ಬಟ್ಟೆಯ ಜತೆ ನ್ಯಾಫ್ತಲೀನ್ ಗುಳಿಗೆ ಇಡಲೇಬೇಡಿ. ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಅದರ ಆವಿಯಿಂದ ರಕ್ತಕಣ ಒಡೆದು ಕಾಮಾಲೆಯಾಗಬಹುದು. ಗಟ್ಟಿಯಾಗಿ ಮುಚ್ಚುವ ಡಬ್ಬ ಸಾಕು.

ಅರ್ಧಕ್ಕೆ ನಿಂತವುಗಳ ಬಗ್ಗೆ ದಾಕ್ಷಿಣ್ಯ ಬೇಡ. ಕಳೆದ ಶಿವರಾತ್ರಿಗೂ ಅದೇ ಕಡ್ಡಿಯ ಮೇಲಿದ್ದರೆ ಬಿಚ್ಚಿ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ ನೆರಳಲ್ಲಿ ನೇತುಹಾಕಿ. ಉಣ್ಣೆಯ ಗುಂಗುರು ಹೋಗುತ್ತದೆ. ನೆನೆಸದೆ ಹಾಗೇ ಹೆಣೆದರೆ ಕುಣಿಕೆಗಳು ಒಂದು ದೊಡ್ಡದು ಒಂದು ಚಿಕ್ಕದು ಬರುತ್ತವೆ.

ಕೊನೆಗೆ ಮುಂದಿನ ವರ್ಷದ ಪುಟ. ವಾರಕ್ಕೆ ನಿಜವಾಗಿ ಸಿಗುವ ಹೊತ್ತು 4 ಗಂಟೆ ಎಂದರೆ, ಜೂನ್ ಮೊದಲಿನಿಂದ ಅಕ್ಟೋಬರ್ ಕೊನೆಯವರೆಗಿನ ಸುಮಾರು 22 ವಾರಕ್ಕೆ 88 ಗಂಟೆ. ಅದರಲ್ಲಿ ಕಾಲು ಭಾಗವನ್ನು ಬಿಚ್ಚಿ ಮತ್ತೆ ಹೆಣೆಯಲು, ತುದಿ ಸೇರಿಸಲು, ಒಗೆದು ಹರಡಲು ತೆಗೆದಿಡಿ. ಉಳಿದ 66 ಗಂಟೆಯಲ್ಲಿ ಒಂದು ತೋಳಿಲ್ಲದ ಸ್ವೆಟರು, ಐದು ಟೋಪಿ, ನಾಲ್ಕು ಕುಲಾವಿ, ಅಷ್ಟೇ. ಪಟ್ಟಿಯಲ್ಲಿ ಹದಿನೈದು ಹೆಸರಿದ್ದರೆ ಐದನ್ನು ಈಗಲೇ ಹೊಡೆದುಹಾಕಿ, ದೀಪಾವಳಿಯ ಹಿಂದಿನ ರಾತ್ರಿಯಲ್ಲ. ಉಲ್ಲನ್ ಕೊಳ್ಳುವಾಗ ಎಲ್ಲ ಉಂಡೆಗಳ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇದೆಯೇ ನೋಡಿ, ಒಂದು ಉಂಡೆ ಹೆಚ್ಚಿಗೆ ತನ್ನಿ. ಬೇರೆ ಲಾಟೇ ಸಿಕ್ಕಿದರೆ ಎರಡರಿಂದಲೂ ಎರಡೆರಡು ಸಾಲು ಸರದಿಯಲ್ಲಿ ಹೆಣೆಯಿರಿ, ಬಣ್ಣದ ಗೆರೆ ಎದ್ದು ಕಾಣುವುದಿಲ್ಲ. ಉಡುಗೊರೆಯ ಜತೆ ಒಂದು ಚೀಟಿ ಇಡಿ: ದಾರ ಯಾವುದು, ತಣ್ಣೀರೋ ಮಷೀನೋ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ಚಪ್ಪಟೆಯಾಗಿ ಹರಡಿ ಒಣಗಿಸುವುದು, ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬಾರದು. ಚೀಟಿಯ ಹಿಂದೆ ಅದೇ ದಾರದ ಒಂದು ಮೀಟರ್ ಸುತ್ತಿ ಕೊಟ್ಟರೆ ಮೊಳೆಗೆ ಸಿಕ್ಕಿ ಹರಿದ ದಿನ ಅವರಿಗೆ ಬೇಕಾಗುತ್ತದೆ.