ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಒಂದೇ ಐಆರ್‌ಕ್ಯೂ ಹಂಚಿಕೊಂಡ ಡಿವೈಸ್‌ಗಳಿಂದ ಲಿನಕ್ಸ್ ಹ್ಯಾಂಗ್ ಆದಾಗ

ಹಳೆಯ ಪಿಸಿಐ ಸೌಂಡ್ ಕಾರ್ಡ್ ಬಳಸುತ್ತಿರುವಾಗ ಇದ್ದಕ್ಕಿದ್ದಂತೆ ಕೊನೆಯ ಅರೆಕ್ಷಣದ ಸದ್ದು ಗರ್ರ್ ಎಂದು ಸುತ್ತಿ ಸುತ್ತಿ ಬರತೊಡಗುತ್ತದೆ. ಮೌಸ್ ಪಾಯಿಂಟರ್ ತಡೆದು ತಡೆದು ಹಾರುತ್ತದೆ. ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಪವರ್ ಬಟನ್ ಒತ್ತಿ ಹಿಡಿಯದೆ ಗತಿಯಿಲ್ಲ ಅನ್ನಿಸುತ್ತದೆ. ಯಂತ್ರ ಡೆಬಿಯನ್ ಲಿನಕ್ಸ್ ಓಡಿಸುವ ಡೆಸ್ಕ್‌ಟಾಪ್, 2011ರ ಆಸುಪಾಸಿನ ಇಂಟೆಲ್ 6-ಸೀರೀಸ್ ಚಿಪ್‌ಸೆಟ್‌ನದು. ಮದರ್‌ಬೋರ್ಡ್‌ನಲ್ಲಿ ಎರಡು ಹಳೆಯ ಬಿಳಿ ಪಿಸಿಐ ಸ್ಲಾಟ್‌ಗಳಿವೆ. ಆದರೆ ಆ ಸೀರೀಸ್‌ನ ಪಿ67, ಎಚ್67, ಝಡ್68 ಚಿಪ್‌ಸೆಟ್‌ಗಳಲ್ಲಿ ಪಿಸಿಐ ಬಸ್ (ಅಂಥ ಹಳೆಯ ಕಾರ್ಡ್‌ಗಳು ಮಾತಾಡುವ ಹಾದಿ) ಇಲ್ಲವೇ ಇಲ್ಲ. ಸ್ಲಾಟ್ ಕೊಡಲೇಬೇಕೆಂದವರು ಪಿಸಿಐ ಎಕ್ಸ್‌ಪ್ರೆಸ್‌ನಿಂದ ಪಿಸಿಐಗೆ ದಾಟಿಸುವ ಪುಟ್ಟ ಬ್ರಿಡ್ಜ್ ಚಿಪ್ ಒಂದನ್ನು ಬೋರ್ಡ್ ಮೇಲೆ ಕೂರಿಸಿದರು. ಈ ಕಥೆಯ ಎತ್ತು ಅದೇ.

ಪರೀಕ್ಷೆ ಶುರು ಮಾಡುವ ಮೊದಲು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಿಸಿ, ಸಿಪಿಯು ಫ್ಯಾನಿನ ಧೂಳು ತೆಗೆದು, ಸಾಧ್ಯವಿದ್ದರೆ ಬೇರೆ ಪವರ್ ಸಪ್ಲೈ ಹಾಕಿ ನೋಡಿ. ರ‍್ಯಾಮ್ ಕೆಟ್ಟಿದ್ದರೆ ಹ್ಯಾಂಗ್‌ಗೆ ತಲೆಬುಡ ಇರುವುದಿಲ್ಲ, ಇಂದು ಬ್ರೌಸರ್‌ನಲ್ಲಿ, ನಾಳೆ ಅಪ್‌ಡೇಟ್ ಮಾಡುವಾಗ. ಡಿವೈಸ್‌ಗಳ ತಿಕ್ಕಾಟವಾದರೆ ಒಂದು ನಿರ್ದಿಷ್ಟ ಡಿವೈಸ್ ದುಡಿಯುತ್ತಿರುವಾಗ ಮಾತ್ರ ಆಗುತ್ತದೆ. ಕಾರ್ಡ್ ಕಿತ್ತಿಟ್ಟು ವಾರ ಓಡಿಸಿದಾಗ ತೊಂದರೆ ಬರಲಿಲ್ಲ, ಅಲ್ಲಿಗೆ ಅನುಮಾನ ಗಟ್ಟಿಯಾಯಿತು. ಹಾಗಂತ ಕಾರ್ಡೇ ಕೆಟ್ಟಿದೆ ಎಂದು ತೀರ್ಮಾನಿಸಲು ಅಷ್ಟು ಸಾಲದು.

ಈಗ ಮುಖ್ಯ ಪ್ರಶ್ನೆ: ನಿಜವಾಗಿ ನಿಂತದ್ದು ಏನು? ಕ್ಯಾಪ್ಸ್ ಲಾಕ್ ದೀಪ ಹತ್ತದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಸತ್ತಿದೆ ಎಂಬ ಮಾತು ಎಲ್ಲ ಕಡೆ ಇದೆ. ಯುಎಸ್‌ಬಿ ಕೀಬೋರ್ಡ್ ಇದ್ದರೆ ಅದನ್ನು ನಂಬಬೇಡಿ. ಆ ಯುಎಸ್‌ಬಿ ಕಂಟ್ರೋಲರ್‌ನ ಇಂಟರಪ್ಟ್ (ಡಿವೈಸ್ ಗಮನ ಬೇಡುವ ಸಂಕೇತ) ಮಾತ್ರ ನಿಂತಿದ್ದರೂ ದೀಪ ಹತ್ತುವುದಿಲ್ಲ, ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಒತ್ತಿ ಸುರಕ್ಷಿತವಾಗಿ ರೀಬೂಟ್ ಮಾಡಿಸುವ ರೀಸ್ಯೂಬ್ ಕಸರತ್ತೂ ನಡೆಯುವುದಿಲ್ಲ. ಎರಡು ಸಿದ್ಧತೆ ಮೊದಲೇ ಮಾಡಿಕೊಳ್ಳಬೇಕು. ಒಂದು, ಇನ್ನೊಂದು ಯಂತ್ರದಿಂದ ಒಳಹೊಕ್ಕಲು ಎಸ್‌ಎಸ್‌ಎಚ್ ಸರ್ವರ್ ಹಾಕಿ ಯಂತ್ರದ ಐಪಿ ಬರೆದಿಟ್ಟುಕೊಳ್ಳುವುದು. ಎರಡು, ಬೋರ್ಡ್‌ನಲ್ಲಿ ದುಂಡನೆಯ ಪಿಎಸ್/2 ಪೋರ್ಟ್ ಇದ್ದರೆ ಅದಕ್ಕೊಂದು ಹಳೆಯ ಕೀಬೋರ್ಡ್ ಚುಚ್ಚಿಡುವುದು. ಅದರ ಐಆರ್‌ಕ್ಯೂ (ಇಂಟರಪ್ಟ್ ಬರುವ ಲೈನಿನ ಸಂಖ್ಯೆ) 1, ಪಿಸಿಐನವರ ಜಗಳಕ್ಕೆ ಅದು ಸಿಕ್ಕುವುದಿಲ್ಲ. ಚುಚ್ಚುವುದು ಯಂತ್ರ ಆಫ್ ಇರುವಾಗ. ಪಿಎಸ್/2ನಲ್ಲಿ ಓಡುತ್ತಿರುವಾಗ ಚುಚ್ಚುವ ಪದ್ಧತಿಯಿಲ್ಲ.

ಮುಂದಿನ ಸಲ ಹ್ಯಾಂಗ್ ಆದಾಗ ಪಿಂಗ್ ಉತ್ತರ ಕೊಟ್ಟಿತು, ಎಸ್‌ಎಸ್‌ಎಚ್ ಒಳಗೆ ಬಿಟ್ಟಿತು. ಅಂದರೆ ಯಂತ್ರ ಸತ್ತಿಲ್ಲ, ಕೈಕಾಲು ಮಾತ್ರ ಕಟ್ಟಿಹೋಗಿವೆ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನ ಕೊನೆಯಲ್ಲಿ ಈ ಸಾಲುಗಳಿದ್ದವು:

ಐಆರ್‌ಕ್ಯೂ 16: ನೋಬಡಿ ಕೇರ್ಡ್ (ಟ್ರೈ ಬೂಟಿಂಗ್ ವಿತ್ ದ "ಐಆರ್‌ಕ್ಯೂಪೋಲ್" ಆಪ್ಷನ್)
ಡಿಸೇಬ್ಲಿಂಗ್ ಐಆರ್‌ಕ್ಯೂ #16

ರೀಬೂಟ್ ಆದಮೇಲೆ ಹುಡುಕುವವರು "ಜರ್ನಲ್‌ಸಿಟಿಎಲ್ -ಕೆ -ಬಿ -1" ಕೊಡಿ, ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳು ಬರುತ್ತವೆ. ಏನೂ ಬರದಿದ್ದರೆ ಜರ್ನಲ್ ಡಿಸ್ಕ್‌ಗೆ ಬರೆಯುತ್ತಿಲ್ಲ ಎಂದರ್ಥ. /ವರ್/ಲಾಗ್/ಜರ್ನಲ್ ಫೋಲ್ಡರ್ ಮಾಡಿ ಸಿಸ್ಟಮ್‌ಡಿ-ಜರ್ನಲ್‌ಡಿ ಅನ್ನು ರೀಸ್ಟಾರ್ಟ್ ಮಾಡಿದರೆ ಮುಂದಿನ ಸಲಕ್ಕೆ ಉಳಿಯುತ್ತದೆ.

ಆ ಎರಡು ಸಾಲಿನ ಹಿಂದೆ ನಡೆದದ್ದು ಇಷ್ಟು. ಹಳೆಯ ಮಾದರಿಯ ಪಿಸಿಐ ಇಂಟರಪ್ಟ್ ಒಂದು ಹಂಚಿಕೆಯ ತಂತಿ. ಗಮನ ಬೇಕಾದ ಡಿವೈಸ್ ಅದನ್ನು ಎಳೆದು ಹಿಡಿಯುತ್ತದೆ; ಕೆಲಸ ಮುಗಿಯುವ ತನಕ ಬಿಡುವುದಿಲ್ಲ. ಕರ್ನಲ್ ಆ ತಂತಿಯ ಮೇಲಿರುವ ಎಲ್ಲ ಡ್ರೈವರ್‌ಗಳನ್ನೂ ಒಂದೊಂದಾಗಿ "ಇದು ನಿನ್ನದೇ?" ಎಂದು ಕೇಳುತ್ತದೆ. ತನ್ನದಾದವನು ಡಿವೈಸ್‌ಗೆ ಸಮಾಧಾನ ಹೇಳಿದ ಮೇಲೆ ತಂತಿ ಸಡಿಲವಾಗುತ್ತದೆ. ಯಾರೂ ತನ್ನದೆನ್ನದೆ ತಂತಿ ಹಿಡಿದೇ ಇದ್ದರೆ ಇಂಟರಪ್ಟ್ ಬಂದದ್ದೇ ಬಂದದ್ದು. ಒಂದು ಲಕ್ಷದಲ್ಲಿ 99,900ಕ್ಕಿಂತ ಹೆಚ್ಚು ವಾರಸುದಾರರಿಲ್ಲದವು ಎಂದು ಕಂಡರೆ ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ಆಮೇಲೆ ಸೆಕೆಂಡಿಗೆ ಸುಮಾರು ಹತ್ತು ಬಾರಿ ಇಣುಕಿ ನೋಡುವುದಷ್ಟೇ. ಮೌಸ್ ತಡೆದು ತಡೆದು ಹಾರುವುದು ಅದಕ್ಕೇ. ಸೌಂಡ್ ಕಾರ್ಡ್‌ನ ಡಿಎಂಎ (ಸಿಪಿಯು ನೆರವಿಲ್ಲದೆ ಮೆಮೊರಿ ಮುಟ್ಟುವ ವ್ಯವಸ್ಥೆ) ಮಾತ್ರ ತನ್ನ ಪಾಡಿಗೆ ಹಳೆಯ ಬಫರನ್ನೇ ಸುತ್ತುತ್ತಿರುತ್ತದೆ, ಗರ್ರ್ ಸದ್ದು ಅದೇ.

ಆ ಲೈನಿನಲ್ಲಿ ಯಾರ್ಯಾರಿದ್ದಾರೆ? "ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್" ಕೊಟ್ಟರೆ ಗೊತ್ತಾಗುತ್ತದೆ. ಇಲ್ಲಿ ಸಾಲು ಹೀಗಿತ್ತು:

16: 300000 0 0 0 ಐಒ-ಎಪಿಐಸಿ 16-ಫಾಸ್ಟ್‌ಇಒಐ ಇಎಚ್‌ಸಿಐ_ಎಚ್‌ಸಿಡಿ:ಯುಎಸ್‌ಬಿ1, ಎಸ್‌ಎನ್‌ಡಿ_ಐಸ್1712

ಆ ದುಂಡು 3,00,000 ನೋಡಿ. ಕರ್ನಲ್ ಪ್ರತಿ ಲಕ್ಷಕ್ಕೊಮ್ಮೆ ಲೆಕ್ಕ ಹಾಕಿ ಮುಚ್ಚುವುದರಿಂದ ಎಣಿಕೆ ಸರಿಯಾಗಿ ಲಕ್ಷದ ಗಡಿಯಲ್ಲಿ ನಿಂತಿದೆ. ಲಾಗ್ ಅಳಿಸಿಹೋಗಿದ್ದರೂ ಈ ಅಂಕಿಯೊಂದೇ ಸಾಕ್ಷಿ ಹೇಳುತ್ತದೆ. ಸಾಲಿನಲ್ಲಿರುವ ಇಬ್ಬರಲ್ಲಿ ಒಬ್ಬ ಸೌಂಡ್ ಕಾರ್ಡ್, ಇನ್ನೊಬ್ಬ 00:1ಎ.0 ವಿಳಾಸದ ಯುಎಸ್‌ಬಿ 2 ಕಂಟ್ರೋಲರ್. ಕೀಬೋರ್ಡ್, ಮೌಸ್ ಎರಡೂ ಅದರ ಕೆಳಗೇ ಇದ್ದವು. ಗ್ರಾಫಿಕ್ಸ್, ಸಾಟಾ, ನೆಟ್‌ವರ್ಕ್ ಸಾಲುಗಳ ಮುಂದೆ "ಪಿಸಿಐ-ಎಂಎಸ್‌ಐ" ಎಂದಿತ್ತು. ಎಂಎಸ್‌ಐ ಇದ್ದವರು ತಂತಿ ಎಳೆಯುವುದಿಲ್ಲ, ತಮ್ಮ ತಮ್ಮ ಸಂದೇಶವನ್ನು ನೇರ ಮೆಮೊರಿ ವಿಳಾಸಕ್ಕೆ ಬರೆಯುತ್ತಾರೆ. ಆದ್ದರಿಂದಲೇ ಎಸ್‌ಎಸ್‌ಎಚ್ ಬದುಕಿತ್ತು.

ತಂತಿ ಹಿಡಿದವರು ಯಾರು ಎಂಬುದಕ್ಕೆ ಹ್ಯಾಂಗ್ ಆಗಿರುವಾಗಲೇ ರೂಟ್ ಆಗಿ "ಎಲ್‌ಎಸ್‌ಪಿಸಿಐ -ವಿವಿ" ಓಡಿಸಬೇಕು. ಪ್ರತಿ ಡಿವೈಸ್‌ನ ಸ್ಟೇಟಸ್ ಸಾಲಿನ ಕೊನೆಯಲ್ಲಿ "ಐಎನ್‌ಟಿಎಕ್ಸ್+" ಅಥವಾ "ಐಎನ್‌ಟಿಎಕ್ಸ್-" ಇರುತ್ತದೆ. ಪ್ಲಸ್ ಇದ್ದವನೇ ಈಗ ತಂತಿ ಎಳೆಯುತ್ತಿರುವವನು. ಇಲ್ಲಿ ಯಾರ ಮುಂದೆಯೂ ಪ್ಲಸ್ ಇರಲಿಲ್ಲ. ಒಂದು ಎಚ್ಚರಿಕೆ: ಈ ಬಿಟ್ ಪಿಸಿಐ 2.3ರಿಂದ ಈಚೆಗೆ ಬಂದದ್ದು, ಅದಕ್ಕೂ ಹಳೆಯ ಕಾರ್ಡ್ ಎಳೆಯುತ್ತಿದ್ದರೂ ಮೈನಸ್ ಎಂದೇ ತೋರಿಸುತ್ತದೆ. ಹಾಗಾಗಿ ಇನ್ನೊಂದು ಹೆಜ್ಜೆ ಇಟ್ಟೆ, ಡ್ರೈವರನ್ನು ಕಾರ್ಡ್‌ನಿಂದ ಬಿಡಿಸಿ ಮತ್ತೆ ಜೋಡಿಸಿದೆ. ಸೌಂಡ್ ಕಾರ್ಡ್‌ನ ವಿಳಾಸ 0000:05:00.0 ಎಂಬುದನ್ನು /ಸಿಸ್/ಬಸ್/ಪಿಸಿಐ/ಡ್ರೈವರ್ಸ್ ಒಳಗೆ ಅದರ ಡ್ರೈವರ್ ಫೋಲ್ಡರ್‌ನ "ಅನ್‌ಬೈಂಡ್" ಕಡತಕ್ಕೆ ಎಕೋ ಮಾಡಿ, ಮತ್ತೆ ಅದನ್ನೇ "ಬೈಂಡ್" ಕಡತಕ್ಕೆ ಎಕೋ ಮಾಡಿದೆ. ಹಂಚಿಕೆಯ ಲೈನಿಗೆ ಹೊಸ ಡ್ರೈವರ್ ಸೇರಿದಾಗ ಕರ್ನಲ್ ಮುಚ್ಚಿದ ಲೈನಿಗೆ ಇನ್ನೊಂದು ಅವಕಾಶ ಕೊಡುತ್ತದೆ. ಕಾರ್ಡ್ ಮತ್ತೆ ಸದ್ದು ಮಾಡತೊಡಗಿತು, ಕೀಬೋರ್ಡ್ ಜೀವ ಪಡೆಯಿತು, ರೀಬೂಟ್ ಬೇಕಾಗಲಿಲ್ಲ. ಕಾರ್ಡ್ ನಿಜಕ್ಕೂ ಕೆಟ್ಟು ತಂತಿ ಕಚ್ಚಿಕೊಂಡಿದ್ದರೆ ಬೈಂಡ್ ಆದ ಕೂಡಲೇ ಲೈನ್ ಮತ್ತೆ ಮುಚ್ಚಬೇಕಿತ್ತು.

ಉಳಿದದ್ದು ಬ್ರಿಡ್ಜ್. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಇಂಟರಪ್ಟ್ ತಂತಿಯೇ ಇಲ್ಲ. ಬ್ರಿಡ್ಜ್ ತನ್ನ ಹಿಂದಿನ ನಿಜವಾದ ತಂತಿಯನ್ನು ನೋಡಿ "ಎಳೆದರು", "ಬಿಟ್ಟರು" ಎಂದು ಎರಡು ಬಗೆಯ ಸಂದೇಶ ಮೇಲಕ್ಕೆ ಕಳಿಸಬೇಕು. "ಬಿಟ್ಟರು" ಎಂಬ ಸಂದೇಶ ಒಮ್ಮೆ ತಪ್ಪಿದರೆ ಸಾಕು, ಚಿಪ್‌ಸೆಟ್ ಪಾಲಿಗೆ ತಂತಿ ಎಳೆದೇ ಇದೆ. ಕಾರ್ಡ್ ಸುಮ್ಮನಿದೆ, ಯುಎಸ್‌ಬಿ ಸುಮ್ಮನಿದೆ, ಬಾಗಿಲು ಬಡಿಯುತ್ತಲೇ ಇದೆ. ಇದು ಅನುಮಾನವೇ ಹೊರತು ರುಜುವಾತಲ್ಲ, ಆದ್ದರಿಂದ ತೊಂದರೆಯನ್ನು ಬೇಕೆಂದಾಗ ಬರಿಸಲು ನೋಡಿದೆ. ಧ್ವನಿ ರೆಕಾರ್ಡ್ ಮಾಡುವ "ಎರೆಕಾರ್ಡ್" ಆಜ್ಞೆಗೆ 12 ಚಾನೆಲ್, 32 ಬಿಟ್, 96,000 ಹರ್ಟ್ಸ್, ಪೀರಿಯಡ್ (ಒಂದು ಸಲಕ್ಕೆ ಸಾಗಿಸುವ ತುಂಡು) 64 ಫ್ರೇಮ್ ಎಂದು ಕೊಟ್ಟು, ಬರುವುದನ್ನೆಲ್ಲ /ಡೆವ್/ನಲ್‌ಗೆ ಸುರಿದೆ. ಪೀರಿಯಡ್‌ಗೊಂದು ಇಂಟರಪ್ಟ್, ಅಂದರೆ ಸೆಕೆಂಡಿಗೆ 1,500. ಜೊತೆಗೆ ಅದೇ ಯುಎಸ್‌ಬಿ ಕಂಟ್ರೋಲರ್‌ನಲ್ಲಿರುವ ಪೆನ್‌ಡ್ರೈವ್‌ಗೆ ದೊಡ್ಡ ಕಡತವೊಂದರ ನಕಲು. ಗಂಟೆಗಟ್ಟಲೆ ಕಾಯುತ್ತಿದ್ದದ್ದು ಹತ್ತಿಪ್ಪತ್ತು ನಿಮಿಷಕ್ಕೆ ಬಂತು. ಪೀರಿಯಡನ್ನು 1,024ಕ್ಕೆ ಏರಿಸಿ 48,000 ಹರ್ಟ್ಸ್‌ಗೆ ಇಳಿಸಿದರೆ ಸೆಕೆಂಡಿಗೆ 47 ಇಂಟರಪ್ಟ್ ಮಾತ್ರ. ಇಡೀ ಸಂಜೆ ಏನೂ ಆಗಲಿಲ್ಲ. ಬರೀ ಕೇಳುವುದಕ್ಕೆ ಕಾರ್ಡ್ ಬಳಸುವವರಿಗೆ ಇಷ್ಟೇ ಪರಿಹಾರ ಸಾಕಾದೀತು. ಹಾಡುವವರು ಹೆಡ್‌ಫೋನ್‌ನಲ್ಲಿ ತಮ್ಮ ದನಿಯನ್ನು ಆಗಲೇ ಕೇಳಬೇಕೆಂದರೆ ಸಾಲದು, 1,024 ಫ್ರೇಮ್ ಎಂದರೆ ಒಂದು ಪೀರಿಯಡ್‌ಗೇ 21 ಮಿಲಿಸೆಕೆಂಡ್.

ಮುಂದೆ ಸ್ಲಾಟ್ ಬದಲಿಸಿದೆ. ಪಿಸಿಐ ಸ್ಲಾಟ್‌ಗಳಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಟರಪ್ಟ್ ಪಿನ್‌ಗಳು ಒಂದೊಂದು ಸ್ಲಾಟ್‌ಗೆ ಒಂದೊಂದು ಮನೆ ಸರಿದು ಜೋಡಣೆಯಾಗಿರುತ್ತವೆ. ಪಕ್ಕದ ಸ್ಲಾಟ್‌ಗೆ ಹಾಕಿದರೆ ಅದೇ ಕಾರ್ಡ್ ಬೇರೆ ಲೈನಿಗೆ ಬೀಳುತ್ತದೆ. ವಿಳಾಸ 05:01.0 ಆಯಿತು, ಐಆರ್‌ಕ್ಯೂ 16 ಹೋಗಿ 17 ಬಂತು. 17ರಲ್ಲಿ ಫೈರ್‌ವೈರ್ ಕಂಟ್ರೋಲರ್ ಇತ್ತು. ಯಾರೂ ಬಳಸದ್ದು, ಬಯೋಸ್‌ನಲ್ಲಿ ಮುಚ್ಚಿದೆ. ಬಳಸದ ಸೀರಿಯಲ್, ಪ್ಯಾರಲಲ್ ಪೋರ್ಟ್‌ಗಳನ್ನೂ ಮುಚ್ಚುವುದು ಒಳ್ಳೆಯದೇ, ಆದರೆ ಅವು 3, 4, 7ರಂಥ ಹಳೆಯ ಐಆರ್‌ಕ್ಯೂಗಳವು, ಈ ತೊಂದರೆಗೆ ಅದರಿಂದ ಉಪಯೋಗವಿಲ್ಲ. ಈಗ ಬ್ರಿಡ್ಜ್ ಎಡವಿದರೂ ಸಾಯುವುದು ಸೌಂಡ್ ಕಾರ್ಡ್ ಒಂದೇ, ಅನ್‌ಬೈಂಡ್-ಬೈಂಡ್ ಮಾಡಿದರೆ ಎದ್ದು ಕೂರುತ್ತದೆ.

ಕರ್ನಲ್ ತಾನೇ ಸೂಚಿಸುವ ಐಆರ್‌ಕ್ಯೂಪೋಲ್ ಬಗ್ಗೆ: ಗ್ರಬ್ ಮೆನುವಿನಲ್ಲಿ "ಇ" ಒತ್ತಿ, "ಲಿನಕ್ಸ್" ಎಂದು ಶುರುವಾಗುವ ಸಾಲಿನ ಕೊನೆಗೆ ಸೇರಿಸಿ, ಎಫ್10 ಒತ್ತಿ ನೋಡಬಹುದು. ಸೇರಿದೆಯೇ ಎಂಬುದನ್ನು /ಪ್ರಾಕ್/ಸಿಎಂಡಿಲೈನ್ ಹೇಳುತ್ತದೆ. ಅದು ಪ್ರತಿ ಟೈಮರ್ ಇಂಟರಪ್ಟ್‌ಗೂ ಎಲ್ಲ ಹ್ಯಾಂಡ್ಲರ್‌ಗಳನ್ನೂ ತಟ್ಟಿ ನೋಡುತ್ತದೆ. ಯಂತ್ರ ನಿಲ್ಲುವುದಿಲ್ಲ, ಆದರೆ ರೆಕಾರ್ಡಿಂಗ್‌ನಲ್ಲಿ ಚಿಟಿಚಿಟಿ ಸದ್ದು ಬರತೊಡಗಿತು, ತೆಗೆದುಹಾಕಿದೆ. ನೋಎಪಿಕ್, ಎಸಿಪಿಐ=ಆಫ್, ಪಿಸಿಐ=ನೋಎಂಎಸ್‌ಐ ಮೂರನ್ನೂ ಒಟ್ಟಿಗೆ ಸುರಿಯುವ ಸಲಹೆ ಹಳೆಯ ಕಾಲದಿಂದ ಓಡಾಡುತ್ತಿದೆ. ಈ ತೊಂದರೆಗೆ ಅದು ಉರಿಯುವ ಬೆಂಕಿಗೆ ತುಪ್ಪ. ನೋಎಪಿಕ್ ಹಾಕಿದರೆ ಹಳೆಯ ಹದಿನೈದು ಲೈನ್‌ಗಳಲ್ಲೇ ಎಲ್ಲರೂ ಸಂಸಾರ ಮಾಡಬೇಕು, ನೋಎಂಎಸ್‌ಐ ಹಾಕಿದರೆ ಇಷ್ಟು ದಿನ ಬೇರೆ ಮನೆ ಮಾಡಿಕೊಂಡಿದ್ದ ಸಾಟಾ, ನೆಟ್‌ವರ್ಕ್ ಕೂಡ ಹಂಚಿಕೆಯ ತಂತಿಗೆ ಬಂದು ಸೇರುತ್ತವೆ. ಆಗ ಲೈನ್ ಮುಚ್ಚಿದರೆ ಡಿಸ್ಕ್ ಕೂಡ ಹೋಗುತ್ತದೆ. ಯಾವ ಆಪ್ಷನ್ ಆದರೂ ಒಂದು ಸಲಕ್ಕೆ ಒಂದೇ. ಪಿಸಿಐಇ_ಎಎಸ್‌ಪಿಎಂ=ಆಫ್ ಮಾತ್ರ ಬೇರೆ ಜಾತಿ, ಪಿಸಿಐ ಎಕ್ಸ್‌ಪ್ರೆಸ್‌ನ ವಿದ್ಯುತ್ ಉಳಿತಾಯವನ್ನು ಮುಚ್ಚುವಂಥದ್ದು. ಲಾಗ್‌ನಲ್ಲಿ "ಪಿಸಿಐಇ ಬಸ್ ಎರರ್, ಸಿವಿಯರಿಟಿ=ಕರೆಕ್ಟೆಡ್" ಸಾಲುಗಳು ಮಳೆಯಂತೆ ಸುರಿಯುತ್ತಿದ್ದರೆ ಅದನ್ನು ನೋಡುವುದು ಸರಿ. ಇಂಥ ಬ್ರಿಡ್ಜ್‌ಗಳಲ್ಲಿ ಒಂದಕ್ಕಂತೂ ಆ ವಿದ್ಯುತ್ ಉಳಿತಾಯವನ್ನು ಕರ್ನಲ್ಲೇ ತನ್ನ ಕ್ವಿರ್ಕ್ (ಹಾರ್ಡ್‌ವೇರ್ ದೋಷಗಳ) ಪಟ್ಟಿಯಿಂದ ಮುಚ್ಚುತ್ತದೆ.

ಪಿಂಗ್‌ಗೂ ಉತ್ತರವಿಲ್ಲದ ಪೂರ್ತಿ ಹ್ಯಾಂಗ್ ಆದರೆ ದಾರಿ ಬೇರೆ. ಕೊನೆಯ ಸಂದೇಶ ಡಿಸ್ಕ್ ಮುಟ್ಟುವ ಮೊದಲೇ ಎಲ್ಲ ನಿಂತಿರುತ್ತದೆ. ಅದಕ್ಕೆ ಕರ್ನಲ್ ಸಂದೇಶಗಳನ್ನು ಇನ್ನೊಂದು ಯಂತ್ರಕ್ಕೆ ಕಳಿಸುವ ನೆಟ್‌ಕನ್ಸೋಲ್ ಮಾಡ್ಯೂಲ್ ಹಾಕಿ, ಈ ಯಂತ್ರದ ಐಪಿ ಮತ್ತು ನೆಟ್‌ವರ್ಕ್ ಕಾರ್ಡ್ ಹೆಸರು, ಇನ್ನೊಂದು ಯಂತ್ರದ ಐಪಿ ಮತ್ತು ಮ್ಯಾಕ್ ವಿಳಾಸ ಕೊಡಬೇಕು. ಆ ಕಡೆ 6666ನೇ ಯುಡಿಪಿ ಪೋರ್ಟ್‌ನಲ್ಲಿ ನೆಟ್‌ಕ್ಯಾಟ್ ಕಿವಿಗೊಟ್ಟು ಕೂತಿರಲಿ. "ಡಿಮೆಸೇಜ್ -ಎನ್ 8" ಕೊಡುವುದನ್ನು ಮರೆತರೆ ಸಣ್ಣ ಸಂದೇಶಗಳು ಹೊರಗೇ ಬರುವುದಿಲ್ಲ. ಕೇಬಲ್ ಇರಬೇಕು, ವೈಫೈ ನಡೆಯದು. ಜೊತೆಗೆ ಕರ್ನಲ್.ಸಾಫ್ಟ್‌ಲಾಕಪ್_ಪ್ಯಾನಿಕ್=1, ಕರ್ನಲ್.ಪ್ಯಾನಿಕ್=10 ಎಂದು ಸಿಸ್‌ಸಿಟಿಎಲ್‌ನಲ್ಲಿ ಇಟ್ಟರೆ ಯಾವುದೋ ಸಿಪಿಯು 20 ಸೆಕೆಂಡ್‌ಗಿಂತ ಹೆಚ್ಚು ಸಿಕ್ಕಿಬಿದ್ದಾಗ ಯಂತ್ರ ಸಾಕ್ಷಿ ಹೇಳಿ, ಹತ್ತು ಸೆಕೆಂಡ್ ಬಿಟ್ಟು ತಾನೇ ರೀಬೂಟ್ ಆಗುತ್ತದೆ. ಯುಇಎಫ್‌ಐ ಬೋರ್ಡ್‌ಗಳಲ್ಲಿ ಪ್ಯಾನಿಕ್‌ನ ತುಣುಕು /ವರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್‌ನಲ್ಲೂ ಸಿಕ್ಕೀತು.

ಐಆರ್‌ಕ್ಯೂ ಅಲ್ಲದ ತಿಕ್ಕಾಟಗಳೂ ಇವೆ. ಒಂದೇ ಸೆನ್ಸರ್ ಚಿಪ್ಪನ್ನು ಬಯೋಸ್‌ನ ಎಸಿಪಿಐ ಕೋಡ್ ಮತ್ತು ಲಿನಕ್ಸ್ ಡ್ರೈವರ್ ಎರಡೂ ಮುಟ್ಟಿದರೆ ಲಾಗ್‌ನಲ್ಲಿ "ಕಾನ್‌ಫ್ಲಿಕ್ಟ್ಸ್ ವಿತ್ ಆಪ್‌ರೀಜನ್" ಎಂದು ಬರುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ. ಫ್ಯಾನ್ ವೇಗ ಕಾಣಲಿ ಎಂದು ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್ ಹಾಕಿದವರು ಆಮೇಲೆ ಹ್ಯಾಂಗ್ ಆದರೆ ಮೊದಲು ಅದನ್ನೇ ತೆಗೆದು ನೋಡಿ.

ಕೊನೆಗೆ ಮಾಡಿದ್ದು ಸೌಂಡ್ ಕಾರ್ಡನ್ನು ಸ್ವಂತ ಪಿಸಿಐ ಬಸ್ ಇರುವ ಇನ್ನೂ ಹಳೆಯ ಬೋರ್ಡ್‌ಗೆ ಸಾಗಿಸಿದ್ದು. ಅಲ್ಲಿ ಅದೇ 64 ಫ್ರೇಮ್ ಪರೀಕ್ಷೆ ರಾತ್ರಿಯಿಡೀ ಓಡಿತು. ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಚುಚ್ಚುವ ಪಿಸಿಐ ಅಡಾಪ್ಟರ್ ಕೊಳ್ಳುವ ಯೋಚನೆ ಇದ್ದವರು ಅದರ ಮೇಲಿನ ಚಿಪ್ ಯಾವುದೆಂದು ಮೊದಲು ಕೇಳಿ. ಬೋರ್ಡ್ ಮೇಲಿರುವ ಅದೇ ಬ್ರಿಡ್ಜ್ ಅದರಲ್ಲೂ ಇದ್ದರೆ ದುಡ್ಡು ಹೋಯಿತು, ತೊಂದರೆ ಉಳಿಯಿತು. ಮೊದಲಿನ ಯಂತ್ರದಲ್ಲೇ ಇಟ್ಟುಕೊಳ್ಳುವವರು ಸಿಮೋಸ್ ಬ್ಯಾಟರಿ ಬದಲಿಸಿದಾಗ ಅಥವಾ ಬಯೋಸ್ ಅಪ್‌ಡೇಟ್ ಮಾಡಿದಾಗ /ಪ್ರಾಕ್/ಇಂಟರಪ್ಟ್ಸ್ ಒಮ್ಮೆ ತೆರೆದು ನೋಡಬೇಕು. ಸೆಟ್ಟಿಂಗ್ ಹಳೆಯದಕ್ಕೆ ಹೋಗಿ, ಮುಚ್ಚಿಟ್ಟ ಫೈರ್‌ವೈರ್ 17ರ ಸಾಲಿಗೆ ಮತ್ತೆ ಬಂದು ಕೂತಿರುತ್ತದೆ.